ಧನ್ಯವಾದದ ಹೊತ್ತಿಗೆ ಯಾರೂ ಇರುವುದಿಲ್ಲ

ನಮ್ಮ ಕಡೆ ಧನ್ಯವಾದ ಸಮರ್ಪಣೆ ಇಲ್ಲದೆ ಯಾವ ಕಾರ್ಯಕ್ರಮಕ್ಕೂ ಮುಕ್ತಿಯಿಲ್ಲ. ಅದನ್ನು ಯಾರೂ ಕೇಳುವುದಿಲ್ಲ ಎಂಬುದೂ ಅಷ್ಟೇ ಖಂಡಿತ. ಅಧ್ಯಕ್ಷರು ಮಾತು ಮುಗಿಸಿ ಕುಳಿತರೆ ಸಾಕು, ಸಭೆ ಎದ್ದು ಊಟದ ಸಾಲಿನತ್ತ ನಡೆಯುತ್ತದೆ. ಖಾಲಿ ಕುರ್ಚಿಗಳಿಗೆ ಕೈಮುಗಿಯುವ ಬಡಪಾಯಿ ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ವರ್ಷಗಟ್ಟಲೆ ನಾನೇ ಆಗಿದ್ದೆ.

ಹುದ್ದೆ ಉಪಪ್ರಾಂಶುಪಾಲೆ. ಹೇಳಿಕೊಳ್ಳಲಿಕ್ಕೆ ನಾಯಕತ್ವ. ಮಾಡುತ್ತಿದ್ದದ್ದು ದೀಪಕ್ಕೆ ಬತ್ತಿ ಉಂಟೇ, ಶಾಲಿಗೆ ಇಸ್ತ್ರಿ ಆಯಿತೇ, ಅತಿಥಿಗಳ ಕಾರು ಸಿದ್ಧಕಟ್ಟೆ ದಾಟಿತೇ ಎಂದು ನೋಡುವ ಕೆಲಸ. ವೇಳಾಪಟ್ಟಿ ನನ್ನದು, ಪೋಷಕರ ಜಗಳ ನನ್ನದು, ಪರೀಕ್ಷೆಯ ತಲೆಬಿಸಿ ನನ್ನದು. ಪೇಪರಿನಲ್ಲಿ ಬರುವ ಫೋಟೋ ಪ್ರಾಂಶುಪಾಲರದ್ದು. ಆ ಕುರ್ಚಿ ಖಾಲಿಯಾದಾಗಲೆಲ್ಲ ಈ ಸಲ ನನಗೇ ಎಂದು ನಾನು ಒಳ್ಳೆಯ ಸೀರೆ ಉಟ್ಟು ಹೋಗುತ್ತಿದ್ದೆ. ಆಡಳಿತ ಮಂಡಳಿಯವರು ಹೊರಗಿನಿಂದ ಒಬ್ಬರನ್ನು ತಂದು ಕೂರಿಸಿ, "ನೀವಿದ್ದೀರಲ್ಲ ಮೇಡಂ, ಅವರಿಗೆ ಎಲ್ಲ ಹೇಳಿಕೊಡಿ" ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಎಲ್ಲೋ ಉಪಪ್ರಾಂಶುಪಾಲನಾಗಿದ್ದಿರಬೇಕು.

ಆಗ ಮುಂಡಾಜೆ ಕಡೆಯ ಒಂದು ಸಣ್ಣ ಹೈಸ್ಕೂಲಿನವರು ಮುಖ್ಯೋಪಾಧ್ಯಾಯಿನಿಯಾಗಿ ಬನ್ನಿ ಎಂದು ಕರೆದರು. ಬಂಟ್ವಾಳದ ಮನೆಯಲ್ಲಿ ಸುದ್ದಿ ಹೇಳಿದರೆ ಅಕ್ಕ ಮೈಮೇಲೇ ಏರಿ ಬಂದಳು.

"ನಿನ್ನ ಮಂಡೆ ಸಮ ಉಂಟಾ? ಕಾಲೇಜಿನಿಂದ ಯಾರಾದ್ರೂ ಹೈಸ್ಕೂಲಿಗೆ ಇಳೀತಾರಾ ಮಾರಾಯ್ತಿ? ಅಲ್ಲಿ ನಿನ್ನ ಭಾಷಣ ಕೇಳ್ಲಿಕ್ಕೆ ಚಾರ್ಮಾಡಿ ಘಾಟಿಯ ಮಂಗಗಳು ಬರ್ಬೇಕಷ್ಟೆ."

"ಮಂಗಗಳಾದ್ರೆ ಧನ್ಯವಾದದವರೆಗೆ ಕೂತಾವು" ಎಂದೆ.

ಬಾಯಿಗೇನೋ ಬಂತು, ಆದರೆ ಹೆದರಿಕೆ ಇತ್ತು. ದಿನಾ ಬೈಯುವ ಕೆಲಸವನ್ನು ಬಿಡುವುದು ಸುಲಭವಲ್ಲ. ಬಿಟ್ಟರೆ ಬೈಯಲಿಕ್ಕೆ ಏನುಳಿಯುತ್ತದೆ?

ಅಷ್ಟರಲ್ಲಿ ಮತ್ತೊಬ್ಬ ಹೊಸ ಪ್ರಾಂಶುಪಾಲರು ಬಂದರು, ನನಗಿಂತ ಕಿರಿಯರು. ಅವರ ಸ್ವಾಗತ ಸಮಾರಂಭ. ಕೊನೆಗೆ ಯಥಾಪ್ರಕಾರ ನಾನು. ಅತಿಥಿಗಳಿಗೆ, ಶಾಮಿಯಾನದವರಿಗೆ, ಹೂವಿನವರಿಗೆ ಕೃತಜ್ಞತೆ ಅರ್ಪಿಸಿ, ಉಸಿರು ಎಳೆದುಕೊಂಡು ಮೈಕಿನಲ್ಲೇ ಹೇಳಿಬಿಟ್ಟೆ: "ಇದು ಇಲ್ಲಿ ನನ್ನ ಕೊನೆಯ ಧನ್ಯವಾದ. ನಾನು ಈ ಕಾಲೇಜು ಬಿಡುತ್ತಿದ್ದೇನೆ."

ಉಳಿದಿದ್ದ ನಾಲ್ಕಾರು ಮಂದಿ ವಾಡಿಕೆಯ ಚಪ್ಪಾಳೆ ತಟ್ಟಿ ಎದ್ದು ಹೋದರು. ಹೊಸ ಪ್ರಾಂಶುಪಾಲರು ಆಗಲೇ ಕೈತೊಳೆಯುವಲ್ಲಿಗೆ ತಲುಪಿದ್ದರು.

ಫರಂಗಿಪೇಟೆಯಿಂದ ಬಂದಿದ್ದ ಮೈಕಿನವರು ವಯರು ಸುತ್ತುತ್ತಾ ಹತ್ತಿರ ಬಂದರು. "ಮೇಡಂ, ನೀವು ಕೆಲಸ ಬಿಡುದಾ?"

"ಕೇಳಿತಾ?"

"ನನಗೆ ಕೇಳದೆ ಉಂಟಾ, ಸೆಟ್ ನನ್ನದಲ್ವಾ? ಬೇರೆ ಯಾರಿಗೂ ಕೇಳ್ಲಿಲ್ಲ. ಬೇಡ ಅಂತ ಕಂಡ್ರೆ ಈಗ್ಲೂ ತೊಂದರೆ ಇಲ್ಲ, ನಾನು ಯಾರ ಹತ್ರವೂ ಹೇಳುದಿಲ್ಲ."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಹೋಗಿ ಹೋಳಿಗೆ ತಿಂದೆ. ರುಚಿಯಾಗಿಯೇ ಇತ್ತು.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಊರೆಲ್ಲ ಗೊಣಗುತ್ತಿದ್ದವಳು, ಬದುಕಿನ ಮುಖ್ಯವಾದ ಮಾತನ್ನು ಯಾರೂ ಕೇಳದ ಹೊತ್ತು ನೋಡಿಯೇ ಹೇಳಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ನನ್ನ ಮೇಲೆಯೇ.

ಮರುದಿನ ಬೆಲ್ ಆಗುವ ಮೊದಲೇ ಪ್ರಾಂಶುಪಾಲರ ಕೋಣೆಗೆ ಹೋಗಿ, ಅವರ ಮುಖ ನೋಡಿಕೊಂಡು ಹೇಳಿದೆ. "ಸರ್, ನಾನು ಇಲ್ಲಿಂದ ಬಿಡ್ತೇನೆ. ಮುಂಡಾಜೆಯ ಹೈಸ್ಕೂಲಿಗೆ ಹೆಡ್ ಆಗಿ ಹೋಗ್ತೇನೆ."

ಅವರ ಮುಖ ನಿಜಕ್ಕೂ ಬಾಡಿತು. ಇಷ್ಟು ವರ್ಷಕ್ಕೆ ಒಬ್ಬರಾದರೂ ನನ್ನ ಬೆಲೆ ತಿಳಿದರಲ್ಲ ಎಂದುಕೊಂಡೆ.

"ಛೆ, ಹಾಗಾದ್ರೆ ಶನಿವಾರದ ಕಾರ್ಯಕ್ರಮಕ್ಕೆ ಧನ್ಯವಾದ ಯಾರು ಹೇಳುದು ಮೇಡಂ?" ಎಂದರು.

ಮನಸ್ಸಿನಲ್ಲಿ ಉಳಿದಿದ್ದ ಅಷ್ಟಿಷ್ಟು ಅನುಮಾನವೂ ಆಗ ಹೋಯಿತು. ನಗು ತಡೆಯಲಿಕ್ಕಾಗಲಿಲ್ಲ.

"ನೀವೇ ಹೇಳಿ ಸರ್. ನಾನು ಎದುರಿನ ಸಾಲಲ್ಲಿ ಕೂತು ಪೂರ್ತಿ ಕೇಳ್ತೇನೆ."

ಶನಿವಾರ ಹಾಗೆಯೇ ಕೂತೆ. ಸಭೆ ಊಟಕ್ಕೆ ಎದ್ದಿತು. ಅವರು ಅತಿಥಿಗಳನ್ನು, ಶಾಮಿಯಾನದವರನ್ನು, ಹೂವಿನವರನ್ನು, ಮೈಕಿನವರನ್ನು ನೆನೆದರು. ನನ್ನನ್ನು ಮರೆತರು. ನಾನೊಬ್ಬಳೇ ಕೊನೆಯವರೆಗೆ ಕೂತು ಜೋರಾಗಿ ಚಪ್ಪಾಳೆ ತಟ್ಟಿದೆ.