ಮಾಳಿಗೆಯ ಪಾಳಿ

2023ರ ಜನವರಿಯಲ್ಲಿ ನಾನು ರಾಣೆಬೆನ್ನೂರಿನ ಒಂದು ಅಪಾರ್ಟ್‌ಮೆಂಟಿನ ಮಾಲೀಕರ ಸಂಘದಲ್ಲಿ ಮೇಲ್ವಿಚಾರಕನಾಗಿ ಸೇರಿದೆ. ನಾಲ್ಕು ಮಹಡಿ, ಹದಿನಾರು ಮನೆ. ಮೋಟೆಬೆನ್ನೂರಿನಿಂದ ದಿನವೂ ಬೈಕಿನಲ್ಲಿ ಹೋಗಿಬರುತ್ತಿದ್ದೆ. ನೀರು, ಲಿಫ್ಟ್, ಕಸ, ಜಗಳ ಎಲ್ಲವೂ ನನ್ನ ಪಾಲಿಗಿದ್ದವು.

ಮೊದಲ ವಾರದಲ್ಲೇ ನಾಲ್ಕನೇ ಮಹಡಿಯ ಹಾಜರಾಬಿ ಕರೆದು ತಮ್ಮ ನಡುಮನೆಯ ಛಾವಣಿ ತೋರಿಸಿದರು. ಹಿಂದಿನ ಮಳೆಗಾಲದಲ್ಲಿ ನೀರು ಇಳಿದು ಕಂದು ಕಲೆ ಹರಡಿತ್ತು. ಹಾವೇರಿಯ ಎಂಜಿನಿಯರ್ ಬಂದು ಸುತ್ತಿಗೆಯ ಹಿಡಿಕೆಯಿಂದ ತಟ್ಟಿದರೆ ಟೊಳ್ಳು ಸದ್ದು. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಆಗ ಕೆಳಗಿನ ಕಾಂಕ್ರೀಟು ಬಿಟ್ಟುಕೊಳ್ಳುತ್ತದೆ ಎಂದರು. ಮೊದಲು ಮೇಲೆ ವಾಟರ್‌ಪ್ರೂಫಿಂಗ್ ಆಗಬೇಕು, ನಂತರ ಕೆಳಗಿನ ದುರಸ್ತಿ. "ಮಾಳಿಗಿ ಪೂರಾ ಖಾಲಿ ಇರಬೇಕು, ಪೂರಾ ಒಣಗಿರಬೇಕು. ಮಳಿಗಾಲದಾಗ ಆಗೂದಿಲ್ಲ."

ತೊಡಕಿದ್ದದ್ದು ಅಲ್ಲೇ. ನಮ್ಮ ಮಾಳಿಗೆ ಒಣಗಿರುವ ತಿಂಗಳುಗಳಲ್ಲಿ ಎಂದೂ ಖಾಲಿ ಇರುವುದಿಲ್ಲ. ಜನವರಿಗೆ ಬ್ಯಾಡಗಿಯಿಂದ ವರ್ಷದ ಖಾರಕ್ಕೆ ಮೆಣಸಿನಕಾಯಿ ಬರುತ್ತದೆ, ಅದರ ಹಿಂದೆ ಹಪ್ಪಳ, ಸಂಡಿಗೆ, ಶ್ಯಾವಿಗೆ. ಮನೆಗೆ ಮೂರು ದಿನದ ಪಾಳಿ.

ಸಂಘದ ಅಧ್ಯಕ್ಷರು ಶಿವಲಿಂಗಪ್ಪ, ಮೊದಲ ಮಹಡಿಯವರು, ಮೆಣಸಿನಕಾಯಿ ವ್ಯಾಪಾರಿ. ಸಭೆಯಲ್ಲಿ ವಿಷಯ ಇಟ್ಟಾಗ, "ಕಾಯಿ ಒಣಗೂದು ಮುಗೀಲೋ ತಮ್ಮಾ. ಸ್ಲ್ಯಾಬ್ ಏನು ಓಡಿ ಹೊಕ್ಕೈತೇನ?" ಎಂದರು. ಎಲ್ಲರೂ ನಕ್ಕರು.

ಫೆಬ್ರವರಿ ಕೊನೆಗೆ ಕಾಯಿ ಮುಗಿದವು. ಕೆಲಸಗಾರರನ್ನು ಗೊತ್ತು ಮಾಡಿದೆ. ಎರಡನೇ ಮಹಡಿಯ ಗಿರಿಜಕ್ಕ ಮೆಟ್ಟಿಲಲ್ಲೇ ತಡೆದರು: "ಸಂಡಿಗಿ ಹಿಟ್ಟು ಕುದಿಸಿಬಿಟ್ಟೇನಿ. ಈಗ ಎಲ್ಲಿ ಹಾಕ್ಲಿ, ನಿನ್ನ ತಲಿ ಮ್ಯಾಲೇನು?" ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅಡ್ಡಮಳೆ ಬಂತು. ಮೆಣಸಿನಕಾಯಿ ತೊಟ್ಟು ಸಿಕ್ಕಿ ನೀರು ಹೋಗುವ ಕಿಂಡಿ ಕಟ್ಟಿತ್ತು, ರಾತ್ರಿಯಿಡೀ ಮಾಳಿಗೆಯಲ್ಲಿ ನೀರು ನಿಂತಿತು. ಸ್ಲ್ಯಾಬ್ ಒಣಗಲು ಒಂದು ವಾರ ಬಿಡಿ ಎಂದರು ಎಂಜಿನಿಯರ್.

ಆ ವಾರ ಹಾಜರಾಬಿಯೇ ಬಂದರು. "ಹೆಂಗೂ ಕಾಯಾಕ ಹತ್ತೀವಲ್ಲ ತಮ್ಮಾ. ರಮಜಾನ್ ಶುರು ಆಗೂದ್ರೊಳಗ ನನ್ನ ಶ್ಯಾವಿಗಿ ಒಣಗಲಿ." ಅವರ ಹೆಸರನ್ನೂ ಪಾಳಿಗೆ ಸೇರಿಸಿದೆ.

ಎರಡನೇ ದಿನ ಮಧ್ಯಾಹ್ನ ಅವರ ಗಂಡ ದಸ್ತಗೀರಸಾಬರು ಊಟಕ್ಕೆ ಕುಳಿತಾಗ ಛಾವಣಿಯ ತುಂಡು ಕಳಚಿ ಅವರ ಬಲಗೈ ಮೇಲೆ ಬಿತ್ತು. ಮೋಟಾರ್ ರಿವೈಂಡಿಂಗ್ ಅವರ ಕಸುಬು. ಕೂದಲಿನಂಥ ತಾಮ್ರದ ತಂತಿಯನ್ನು ಸುತ್ತುವ ಕೈ ಅದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು.

ಅಂದೇ ಸಂಜೆಯೊಳಗೆ, ಯಾರೂ ಹೇಳದೆ, ಮಾಳಿಗೆ ಖಾಲಿಯಾಯಿತು. ಮೂಲೆಯಲ್ಲಿದ್ದ ಚಾಪೆ, ಮೊರ, ಹಳೆಯ ಸೀರೆಗಳೆಲ್ಲ ಕೆಳಗಿಳಿದವು. ಹಾಜರಾಬಿಯ ಶ್ಯಾವಿಗೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಹದಿನೈದು ದಿನದ ಮೇಲೆ ಸಭೆ ಸೇರಿತು. ಚಿಕಿತ್ಸೆಯ ಖರ್ಚು ಸಂಘ ಕೊಡಬೇಕೇ ಎಂಬ ಮಾತು ಬಂದಾಗ ಶಿವಲಿಂಗಪ್ಪ ಕೇಳಿದರು: "ಅವತ್ತ ಮಾಳಿಗಿ ಮ್ಯಾಲಿದ್ದದ್ದು ನಿಮ್ಮ ಶ್ಯಾವಿಗಿನ ಅಲ್ಲೇನ್ರಿ?"

"ಹೌದ್ರಿ, ನನ್ನವ," ಎಂದರು ಹಾಜರಾಬಿ. "ಮಾಳಿಗಿ ಎಲ್ಲಾರ್ದು ಅಂತ ಪಾಳಿ ಹಚ್ಚಿದ್ರಿ. ಅದರ ಕೆಳಗಿನ ಛತ್ತಿಗೂ ಹಚ್ಚಬೇಕಿತ್ರಿ. ಒಬ್ಬೊಬ್ಬರು ಮೂರ್ ಮೂರ್ ದಿನ ಬಂದು ಅಲ್ಲಿ ಕುಂತು ಉಣಬೇಕಿತ್ತು."

ಖರ್ಚು ಮಂಜೂರಾಯಿತು. ವಾಟರ್‌ಪ್ರೂಫಿಂಗ್ ಕೆಲಸ ಐದೇ ದಿನದಲ್ಲಿ ಮುಗಿಯಿತು. ದಸ್ತಗೀರಸಾಬರು ಅಂಗಡಿ ಮುಚ್ಚಿದರು. ಕುಟುಂಬ ಹಾಜರಾಬಿಯ ತವರು ಗುತ್ತಲಕ್ಕೆ ಹೋಯಿತು.

ಈಗ ನಾನು ಹಾವೇರಿಯ ಇನ್ನೊಂದು ಸಂಘದಲ್ಲಿದ್ದೇನೆ. ಎಲ್ಲರಿಗೂ ಸೇರಿದ ಜಾಗ ಕೆಟ್ಟರೂ ಅದರ ಪೆಟ್ಟು ಬೀಳುವುದು ಒಂದು ಮನೆಗೆ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ. ಹಾಗಾಗಿ ಸೋರಿಕೆಯ ದೂರು ಬಂದರೆ ಸಮಿತಿಯ ಸಭೆಯನ್ನು ಕಚೇರಿಯಲ್ಲಿ ಕರೆಯುವುದಿಲ್ಲ. ದೂರು ಕೊಟ್ಟವರ ಮನೆಯಲ್ಲಿ, ಆ ಕಲೆಯ ಕೆಳಗೇ ಕುರ್ಚಿ ಹಾಕಿಸುತ್ತೇನೆ. ಬಂದವರು ಒಮ್ಮೆ ಮೇಲೆ ನೋಡುತ್ತಾರೆ, ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತಾರೆ. ತೀರ್ಮಾನ ಬೇಗ ಆಗುತ್ತದೆ.