ನಡುವೆ ದೇವರಿಲ್ಲದ ನೆಲ

ಬೆಳಗಿನ ಐದೂವರೆ. ಬೆಟಗೇರಿ ಕಡೆಯ ಹಳೆಯ ಕಾಳಿನ ಪೇಟೆಯಲ್ಲಿ ಹರಾಜು ಕೂಗುವವರು ಇನ್ನೂ ಬಂದಿಲ್ಲ. ತಗಡಿನ ಮಾಡಿನ ಕೆಳಗೆ, ಕತ್ತಲು ಪೂರ್ತಿ ಹರಿಯದ ಆ ಉದ್ದನೆಯ ಕಟ್ಟೆಯ ಮೇಲೆ ಒಂದು ಸದ್ದು ಓಡಾಡುತ್ತಿದೆ. ರಾಟೆಯೊಳಗೆ ಹಗ್ಗ ಇಳಿದಂತೆ, ಎಲ್ಲೂ ತಡೆಯದ ಸದ್ದು. ಕಂಬದ ಮರೆಯಿಂದ ಒಬ್ಬ ಹೆಂಗಸು ತೇಲಿ ಬರುತ್ತಾಳೆ. ಕಚ್ಚೆ ಹಾಕಿದ ಇಳಕಲ್ ಸೀರೆ, ತಲೆಗೆ ಬಿಗಿದ ಟವೆಲ್ಲು, ಕೈಯಲ್ಲಿ ಗೋಣಿ ಸುತ್ತಿದ ಮಾರುದ್ದದ ಪೊರಕೆ. ಕಾಲಲ್ಲಿ ಗಾಲಿಬೂಟು.

ಇವರು ಮರಿಯವ್ವ. ವಯಸ್ಸು ಮೂವತ್ತೆಂಟು. ಈ ಕಟ್ಟೆ ಗುಡಿಸುವ ಕೆಲಸಕ್ಕೆ ಹತ್ತೊಂಬತ್ತು ವರ್ಷ. ಮೊದಲು ಜೊತೆಗಾತಿ ಅಲ್ಮಾಸಬಿಯೊಂದಿಗೆ ನಡೆದೇ ಕಾಳು ಗುಡಿಸುತ್ತಾರೆ, ಆಮೇಲೆ ಬೂಟು ಕಟ್ಟಿ ಧೂಳು ಒರೆಸುತ್ತಾರೆ. "ಕಾಳು ಉಳಿದ್ರ ಮುಗೀತ್ರಿ. ಒಂದು ಕಡ್ಲಿಕಾಳು ಗಾಲಿಗೆ ಸಿಕ್ರ ಆನಿನೂ ಬೀಳತೈತಿ," ಎನ್ನುತ್ತಾರೆ. ಕಟ್ಟೆಯ ನಡುವೆ ಸಾಲಾಗಿ ಏಳು ಕಂಬ. ಅವನ್ನು ಒಮ್ಮೆ ಬಳಸಿ ಬಂದರೆ ನೂರಾ ಅರವತ್ತು ಮೀಟರ್. ದಿನಕ್ಕೆ ಮೂವತ್ತು ಸುತ್ತು. ಏಳಕ್ಕೆ ಚೀಲದ ಗಾಡಿ ಬರುವಷ್ಟರಲ್ಲಿ ನೆಲ ತಟ್ಟೆಯಂತೆ ಇರಬೇಕು.

ನೋಡುತ್ತ ನಿಂತ ನನಗೆ ಒಂದು ಕುತೂಹಲ ಕಾಡುತ್ತದೆ. ಜಗತ್ತಿನ ಎಲ್ಲ ಸ್ಕೇಟಿಂಗ್ ಪಂದ್ಯಗಳಲ್ಲೂ ಎಡಕ್ಕೇ ತಿರುಗುತ್ತಾರೆ. ಮರಿಯವ್ವ ಮಾತ್ರ ಬಲಕ್ಕೆ, ಮೂವತ್ತಕ್ಕೆ ಮೂವತ್ತೂ ಸುತ್ತು ಬಲಕ್ಕೆ. ಇನ್ನು ಹದಿನಾರು ದಿನಕ್ಕೆ ಬೆಳಗಾವಿಯಲ್ಲಿ ಮೂವತ್ತೈದು ದಾಟಿದವರ ಹತ್ತು ಸಾವಿರ ಮೀಟರ್ ಪಂದ್ಯವಿದೆ. ಹನ್ನೊಂದು ವರ್ಷದ ಮೇಲೆ ಅವರು ಹೆಸರು ಬರೆಸಿದ್ದಾರೆ. ಹಾಗಿದ್ದೂ ಈ ಅಭ್ಯಾಸವೇಕೆ?

ಮರಿಯವ್ವ ನಾಲ್ಕನೆಯ ಕಂಬದತ್ತ ಗದ್ದ ಎತ್ತಿ ತೋರಿಸುತ್ತಾರೆ. ಅಲ್ಲಿ ಕಟ್ಟು ಹಾಕಿದ ಲಕ್ಷ್ಮಿಯ ಫೋಟೊ, ನಿನ್ನೆಯ ಚೆಂಡುಹೂವಿನ ಮಾಲೆ. ಹೋದ ದೀಪಾವಳಿಗೆ ದಲಾಲಿ ಅಂಗಡಿಯ ಕೊಟ್ರಪ್ಪ ಸಾವ್ಕಾರರು ಪೂಜೆ ಮಾಡಿ ಏರಿಸಿದ್ದು. ಈಗ ಕಟ್ಟೆ ಸುತ್ತುವುದೆಂದರೆ ಲಕ್ಷ್ಮಿಯನ್ನು ಸುತ್ತುವುದು.

ದೇವರನ್ನು ಎಡಕ್ಕೆ ಸುತ್ತಿದವರ ನೆರಳು ಅಲ್ಲೇ ಉಳಿದುಬಿಡುತ್ತದೆಂದು ನನ್ನ ಅಜ್ಜಿ ಕಥೆ ಹೇಳುತ್ತಿದ್ದಳು. ಆ ನೆರಳು ಸಂಜೆಯಾದರೆ ಮನೆ ಬಾಗಿಲಿಗೆ ಬಂದು ಅಳುತ್ತದಂತೆ. ಹಾಗಾಗಿ ಮರಿಯವ್ವನ ಪೇಚು ನನಗೆ ತಟ್ಟನೆ ತಿಳಿಯುತ್ತದೆ. ಇಂಥದೇ ಪೇಚು ಅವರ ಬಾಳಿನಲ್ಲಿ ಹಿಂದೊಮ್ಮೆಯೂ ಬಂದಿತ್ತು.

ಲಕ್ಷ್ಮೇಶ್ವರ ತಾಲ್ಲೂಕಿನ ಅಡರಕಟ್ಟಿ ಅವರ ಊರು. ಅಪ್ಪ ಲಕ್ಕಪ್ಪ ಕುರಿ ಕಾಯುವವರು. ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದ ಮೊಹಸಿನ ಮಾಸ್ತರರ ಬಳಿ ಒಂದು ಜೊತೆ ಗಾಲಿಬೂಟು, ಒಂದು ಸಿ.ಡಿ. ಇತ್ತು. ಸಿ.ಡಿ.ಯಲ್ಲಿ ಮಂಜುಗಡ್ಡೆಯ ಮೇಲೆ ಓಡುವ ನಾರ್ವೆ ದೇಶದ ಒಬ್ಬ ಚಾಂಪಿಯನ್. "ಅವನ ಹೆಸರು ನನ್ನ ನಾಲಿಗಿಗೆ ಹೊರಳಂಗಿಲ್ರಿ. ನಾರ್ವೆಯಣ್ಣ ಅಂತೀನಿ," ಎಂದು ನಗುತ್ತಾರೆ. ನಾರ್ವೆಯಣ್ಣನ ಕಥೆ ಅವರಿಗೆ ಬಾಯಿಪಾಠ. ಹೆಪ್ಪುಗಟ್ಟಿದ ಕೆರೆಯ ಮೇಲೆ ಕಲಿತ ಹುಡುಗ, ಮೊದಲ ದೊಡ್ಡ ಪಂದ್ಯದಲ್ಲಿ ತಿರುವಿನಲ್ಲಿ ಬಿದ್ದ. ನಾಲ್ಕು ವರ್ಷದ ಮೇಲೆ ಅದೇ ತಿರುವಿಗೆ ಬಂದು ಗೆದ್ದ. "ಒಂದು ಕೈ ಬೆನ್ನಿಗೆ ಕಟ್ಟಿ, ಹೊಲದಾಗ ಕಸಾ ತಗಿಯೋರು ಬಾಗಿದಂಗ ಬಾಗತಿದ್ದ. ಅಷ್ಟೊತ್ತು ಬಾಗಾಕ ನಮಗೂ ಬರತೈತಲ್ಲ ಅನಿಸ್ತು."

ಊರಲ್ಲಿ ನುಣ್ಣಗಿನ ನೆಲವೆಂದರೆ ಬೀರಪ್ಪನ ಗುಡಿ ಸುತ್ತಲಿನ ಹಾಸುಗಲ್ಲು ಮಾತ್ರ. ಅವ್ವ ಒಪ್ಪಿದಳು, ಒಂದು ಷರತ್ತಿನ ಮೇಲೆ: ದೇವರಿಗೆ ಎಡಸುತ್ತು ಹಾಕಬಾರದು. ಎರಡು ವರ್ಷ, ದಿನಕ್ಕೆ ನೂರು ಸುತ್ತು, ಎಲ್ಲವೂ ಬಲಕ್ಕೆ. ಹದಿನಾರನೆಯ ವಯಸ್ಸಿಗೆ ಬೆಳಗಾವಿಯಲ್ಲಿ ಮೊದಲ ಪಂದ್ಯ.

"ಸೀಟಿ ಊದಿದ್ರು. ಎಲ್ಲಾರೂ ಎಡಕ್ಕ ಹೊಂಟ್ರು! ನನ್ನ ಕಾಲಿಗೆ ಬಲಕ್ಕ ಬಿಟ್ರ ಬ್ಯಾರೆ ಗೊತ್ತ ಇಲ್ಲ. ಎರಡು ತಿರುವು ಹೆಂಗೋ ದಾಟಿದ್ನಿ. ಮೂರನೇದಕ್ಕ ಬಿದ್ದು, ಬೇಲಿಗೆ ಹೋಗಿ ಬಡಿದ್ನಿ."

ಸಿ.ಡಿ.ಯಲ್ಲಿ ನಾರ್ವೆಯಣ್ಣ ಎಡಕ್ಕೆ ತಿರುಗುವುದು ಕಂಡಿರಲಿಲ್ಲವೇ?

"ಕಂಡಿತ್ರಿ. ಅವರ ದೇಶದಾಗ ಹಂಗ ಇರಬೇಕು ಅನ್ಕೊಂಡೆ. ಅವರು ಊಟಾನೂ ಎಡಗೈಲೆ ಮಾಡ್ತಾರಂತಲ್ಲ!"

ಮಾಸ್ತರರು ಬೈಯಲಿಲ್ಲ. ನಡುವೆ ದೇವರಿಲ್ಲದ ನೆಲ ಹುಡುಕು ಅಂದರಂತೆ. ಹುಡುಕಲು ಮೂರು ವರ್ಷ ಹಿಡಿಯಿತು. ಶಿರಹಟ್ಟಿ, ಮುಂಡರಗಿ ಸಂತೆಗಳಿಗೆ ಅಪ್ಪನ ಜೊತೆ ಕುರಿ ಹೊಡೆದುಕೊಂಡು ಹೋದಾಗೆಲ್ಲ ಕಣ್ಣು ನೆಲದ ಮೇಲೆಯೇ. ಕೊನೆಗೆ ಸಿಕ್ಕಿದ್ದು ಈ ಕಟ್ಟೆ. ಒಳಗೆ ಬಿಡಬೇಕಾದರೆ ಕೆಲಸಕ್ಕೆ ಸೇರಬೇಕಿತ್ತು, ಸೇರಿದರು. "ಎಲ್ಲಾರೂ ಪಗಾರಕ್ಕ ಬರ್ತಾರ. ನಾನು ನೆಲಕ್ಕ ಬಂದಾಕಿ," ಎನ್ನುವಾಗ ದನಿಯಲ್ಲಿ ಬಿಗುಮಾನವಿಲ್ಲ, ಇದ್ದುದನ್ನು ಇದ್ದಂತೆ ಹೇಳುವ ಸರಳತೆಯಿದೆ.

ಈ ನೆಲ ಅವರನ್ನು ಎರಡು ಸಲ ರಾಜ್ಯಕ್ಕೆ ಮೊದಲಿಗಳನ್ನಾಗಿ ಮಾಡಿತು. ವಿಶಾಖಪಟ್ಟಣದಲ್ಲಿ ನಡೆದ ರಾಷ್ಟ್ರಮಟ್ಟದ ಕೂಟದಲ್ಲಿ ಮೂರನೆಯ ಸ್ಥಾನ ಕೊಟ್ಟಿತು. ಇಪ್ಪತ್ತೇಳಕ್ಕೆ ಪಂದ್ಯ ನಿಂತರೂ ಸುತ್ತು ನಿಲ್ಲಲಿಲ್ಲ. ಆದರೆ ಬೆಳಗಾವಿಗೆ ಮತ್ತೆ ಹೋಗುವ ಯೋಗ ಮಾತ್ರ ಬಂದಿರಲಿಲ್ಲ. ಗಂಡ ಬೀರಲಿಂಗ ಟಂಟಂ ಓಡಿಸುತ್ತಾರೆ. "ನನ್ನ ಗಾಡಿಗೆ ಮೂರ ಗಾಲಿ, ನಿನಗ ಎಂಟು. ನಿನ್ನ ಮುಂದ ನಾ ಬಡವ," ಎಂಬುದು ಅವರ ದಿನನಿತ್ಯದ ಚೇಷ್ಟೆ.

ದೀಪಾವಳಿಯ ಮರುದಿನ ಮರಿಯವ್ವ ಅಭ್ಯಾಸಬಲದಿಂದ ಎಡಕ್ಕೆ ಒಂದು ಸುತ್ತು ಹೊಡೆದರು. ಅದನ್ನು ಕೊಟ್ರಪ್ಪ ಸಾವ್ಕಾರರು ಕಂಡರು. ಅದೇ ವಾರ ಕಡಲೆಯ ಧಾರಣೆ ಬಿತ್ತು. ಅಲ್ಲಿಂದ ಎಡಸುತ್ತು ಬಂದ್. ಮೂರು ತಿಂಗಳಾಯಿತು. ಮರಿಯವ್ವ ಬೂಟು ಬಿಚ್ಚಿ ಗಾಲಿ ತೋರಿಸುತ್ತಾರೆ. ಒಂದೇ ಮಗ್ಗುಲು ಸವೆದಿದೆ. "ಬಲಗಾಲು ಎಡಗಾಲನ್ನ ದಾಟಿ ಬೀಳಬೇಕ್ರಿ. ಅದು ಈಗ ಮರತೈತಿ. ಹಿಂಗ ಹೋದ್ರ ಮತ್ತ ಅದ ಬೇಲಿ."

ಆರೂವರೆಗೆ ಸಾವ್ಕಾರರು ಬರುತ್ತಾರೆ. ಎಪ್ಪತ್ತು ದಾಟಿದ ಹಿರಿಯರು. ಲಕ್ಷ್ಮಿಗೆ ಊದಿನಕಡ್ಡಿ ಬೆಳಗಿ ತಿರುಗುತ್ತಿದ್ದಂತೆ ಮರಿಯವ್ವ ಎದುರು ನಿಲ್ಲುತ್ತಾರೆ.

"ಸಾವ್ಕಾರ್ರ, ಒಂದು ಮಾತೈತ್ರಿ."

"ಮತ್ತ ಅದ ಮಾತೇನು? ಈ ವಯಸ್ಸಿನಾಗ ಓಡಾಟ ಯಾಕ ಬೇಕವ್ವ ನಿನಗ?"

"ಓಡಂಗಿಲ್ರಿ, ಜಾರತೀನಿ. ತಾಯಿನ್ನ ಆ ಗೋಡಿಗೆ ಸರಿಸಿದ್ರ ಆತು. ಆಕಿ ನಡುವ ಇರೂತನಕ ನೀವು ಹೂಂ ಅಂದ್ರೂ ನಾ ಎಡಕ್ಕ ತಿರುಗಾಕಿ ಅಲ್ಲ."

"ಪೂಜಿ ಮಾಡಿ ಏರಿಸಿದ್ದು ಸರಸಾಕ ಬರಂಗಿಲ್ಲ. ಧಾರಣಿ ಇನ್ನೂ ಎದ್ದಿಲ್ಲ, ಗೊತ್ತೈತೇನು?"

ಪೊರಕೆ ಬಡಿಯುತ್ತಿದ್ದ ಅಲ್ಮಾಸಬಿ ಅಲ್ಲಿಂದಲೇ ಬಾಯಿ ಹಾಕುತ್ತಾರೆ: "ಮೂರು ತಿಂಗಳಿಂದ ಬಲಕ್ಕ ತಿರುಗಾಕ ಹತ್ತ್ಯಾಳಲ್ರಿ. ಹಂಗಿದ್ರ ಇಷ್ಟೊತ್ತಿಗೆ ಧಾರಣಿ ಈ ತಗಡಿನ ಮಾಡು ಹರಕೊಂಡು ಮ್ಯಾಲೆ ಹೋಗಬೇಕಿತ್ತು!"

ಸಾವ್ಕಾರರು ಮೇಲೆ ತಗಡು ನೋಡುತ್ತಾರೆ. ನಗು ಬರುತ್ತದೆ, ನುಂಗುತ್ತಾರೆ. ಮರಿಯವ್ವ ಮೆಲ್ಲಗೆ ಕೇಳುತ್ತಾರೆ:

"ತಾಯಿ ಇಲ್ಲಿಗೆ ಬರೂಕಿಂತ ಮದ್ಲ ಎಲ್ಲಿದ್ಲ್ರಿ?"

"ಎಲ್ಲಿ ಅಂದ್ರ? ನಮ್ಮ ಅಂಗಡ್ಯಾಗ. ನಮ್ಮಪ್ಪನ ಕಾಲದಿಂದ."

"ಅಂದ್ರ ಅದು ಆಕಿ ತವರಮನಿ."

ಸಾವ್ಕಾರರು ಫೋಟೊದತ್ತ ತಿರುಗಿ ಮಾಲೆ ಸರಿಪಡಿಸುತ್ತಾರೆ. ಚೀಲದ ಮೊದಲ ಗಾಡಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತದೆ. ಮರಿಯವ್ವನ ಕೈ ಪೊರಕೆಯ ಕೋಲನ್ನು ಗಟ್ಟಿಯಾಗಿ ಹಿಡಿದಿದೆ.

"ಬೆಳಗಾವಿಗೆ ಎಷ್ಟ ದಿನ ಐತಿ?"

"ಹದಿನಾರ್ರಿ."

"ಹದಿನಾರು ದಿನ ತವರಿಗೆ ಕರಕೊಂಡು ಹೋಗ್ತೀನಿ ಆಕಿನ್ನ. ತವರಿಗೆ ಹೊಂಟ ಹೆಣ್ಣಮಗಳನ್ನ ತಡಿಯಾಕ ನಾ ಯಾರು? ಸ್ಟೂಲ್ ತಾ."

ಯಾರಿಗೂ ಮುಟ್ಟಗೊಡದೆ ತಾವೇ ಸ್ಟೂಲು ಹತ್ತಿ ಫೋಟೊ ಇಳಿಸುತ್ತಾರೆ. ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತುತ್ತಾರೆ. ತವರಿಗೆ ಹೋಗುವ ಹೆಣ್ಣು ಬರಿಗೈಯಲ್ಲಿ ಹೋಗಬಾರದೆಂದು ಮರಿಯವ್ವ ಉಡಿಯಿಂದ ಒಂದು ಹಿಡಿ ಕಡಲೆ ತೆಗೆದು ಆ ವಸ್ತ್ರದ ತುದಿಗೆ ಕಟ್ಟುತ್ತಾರೆ. ಕೊಟ್ರಪ್ಪನವರು ಮಗುವನ್ನೆತ್ತಿದಂತೆ ಎತ್ತಿಕೊಂಡು ಹೊರಡುತ್ತಾರೆ. ಕಂಬದಲ್ಲಿ ಉಳಿಯುವುದು ಒಂದು ಮೊಳೆ, ಕುಂಕುಮದ ಕಲೆ.

ಗಾಡಿಯವರಿಗೆ ಹತ್ತು ನಿಮಿಷ ನಿಲ್ಲಲು ಹೇಳಿ ಅಲ್ಮಾಸಬಿ ಬಾಗಿಲಲ್ಲೇ ಕುಳಿತುಬಿಡುತ್ತಾರೆ. ಮರಿಯವ್ವ ಬೂಟು ಬಿಗಿದು, ಕಂಬಕ್ಕೆ ಕೈ ಮುಗಿದು ಎಡಕ್ಕೆ ಹೊರಡುತ್ತಾರೆ. ಮೊದಲ ತಿರುವಿಗೆ ತತ್ತರಿಸುತ್ತಾರೆ. ಎರಡನೆಯ ಸುತ್ತಿಗೆ ಕೈ ನೆಲ ಮುಟ್ಟುತ್ತದೆ. "ಲೇ ಮರೀ, ಹಲ್ಲು ಉಳಿಸ್ಕೋ!" ಎಂದು ಅಲ್ಮಾಸಬಿ ಕೂಗುತ್ತಾರೆ. ಐದನೆಯ ಸುತ್ತಿಗೆ ಒಂದು ಕೈ ತಾನಾಗಿ ಬೆನ್ನಿಗೆ ಹೋಗುತ್ತದೆ. ಬಲಗಾಲು ಎಡಗಾಲನ್ನು ದಾಟಿ ಬೀಳುತ್ತದೆ, ಮತ್ತೆ ದಾಟಿ ಬೀಳುತ್ತದೆ. ತಗಡಿನ ಸಂದಿಯಿಂದ ಬಿದ್ದ ಎಳೆಬಿಸಿಲಿನಲ್ಲಿ ಅವರ ನೆರಳನ್ನೇ ಗಮನಿಸುತ್ತೇನೆ. ಅದು ಎಲ್ಲೂ ಉಳಿಯುವುದಿಲ್ಲ. ಜೊತೆಗೇ ಓಡುತ್ತಿದೆ.

"ನೆನಪಾತು ನೋಡ್ರಿ ಕಾಲಿಗೆ," ಎಂದು ಏದುಸಿರು ಬಿಡುತ್ತ ಬಂದು ನಿಲ್ಲುತ್ತಾರೆ.

ನಾರ್ವೆಯಣ್ಣನ ಹಾಗೆ ಒಮ್ಮೆಯಾದರೂ ಮಂಜುಗಡ್ಡೆಯ ಮೇಲೆ ಓಡುವ ಆಸೆಯಿಲ್ಲವೇ ಎಂದು ಕೇಳುತ್ತೇನೆ. ಮರಿಯವ್ವ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಅಷ್ಟು ದೊಡ್ಡ ಆಸೆ ಇಲ್ರಿ. ಬೆಳಗಾವ್ಯಾಗ ಆ ಮೂರನೇ ತಿರುವು ಐತಲ್ಲ, ಅದನ್ನೊಮ್ಮೆ ನಿಂತಕೊಂಡು ದಾಟಬೇಕು. ಲಕ್ಷ್ಮಿ ತವರಿಂದ ಬರೂದರೊಳಗ ನಾನೂ ಬಂದಿರ್ತೀನಿ. ಆಮ್ಯಾಲೆ ದಿನಾ ಆಕಿ ಸುತ್ತ ಬಲಕ್ಕ."