ಎರಡನೆಯ ಬ್ರೇಕು

೧೯೯೬ರಲ್ಲಿ ನಾನು ಅಮೆರಿಕದ ಶಾರ್ಲೆಟ್‌ಗೆ ಬಂದಾಗ ನನಗೆ ಕಂಪ್ಯೂಟರಿನ ಕೋಬಾಲ್ ಭಾಷೆ ಬರುತ್ತಿತ್ತು, ಕಾರು ಬರುತ್ತಿರಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ವರಲಕ್ಷ್ಮಿ ಆಂಟಿ ದಾರಿ ತೋರಿಸಿದರು. "ಡೆಬ್ರಾ ಅಂತ ಒಬ್ಬಳಿದ್ದಾಳೆ ಕಣೋ ಅವಿನಾಶ. ನಂಗೂ ಅವಳೇ ಡ್ರೈವಿಂಗ್ ಹೇಳ್ಕೊಟ್ಟಿದ್ದು. ಅವಳೂ ಇಂಡಿಯನ್ನೇ."

ಹೆಸರು ಡೆಬ್ರಾ, ಇಂಡಿಯನ್ ಬೇರೆ. ಅಂದಮೇಲೆ ಮಂಗಳೂರಿನ ಕ್ರೈಸ್ತರವಳೇ ಎಂದು ತೀರ್ಮಾನಿಸಿಬಿಟ್ಟೆ. ಮೊದಲ ಕ್ಲಾಸಿನಲ್ಲಿ ಕಪ್ಪು ಜಡೆಯ, ನಮ್ಮದೇ ಬಣ್ಣದ, ನಲವತ್ತರ ಹೆಂಗಸು ಪಕ್ಕದ ಸೀಟಿನಲ್ಲಿ ಕೂತೊಡನೆ "ಮಂಗ್ಳೂರಲ್ಲಿ ಎಲ್ಲಿ ಮೇಡಂ?" ಎಂದೆ. ಅವಳು ನನ್ನ ಮುಖ ನೋಡಿದಳು. ನಿಮ್ಮ ಭಾಷೆ ಬರುವುದಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ನಾಲ್ಕು ವರ್ಷಕ್ಕೇ ಹೋಯ್ತು," ಎಂದಳು.

ಅಮೆರಿಕಕ್ಕೆ ಬಂದು ತಾಯ್ನುಡಿ ಮರೆಯುವವರ ಬಗ್ಗೆ ನನ್ನಲ್ಲಿ ಒಂದು ಭಾಷಣ ಸಿದ್ಧವಾಗಿತ್ತು. ನಾನು ಬಂದು ಮೂರು ವಾರವಾಗಿತ್ತಷ್ಟೆ. ಭಾಷಣ ರಂಗೇರುವುದಕ್ಕೂ ಯಾರದೋ ಮನೆಯ ಮೇಲ್‌ಬಾಕ್ಸು ಎದುರಾಗುವುದಕ್ಕೂ ಸರಿಹೋಯಿತು. ಕಾರು ಗಕ್ಕನೆ ನಿಂತಿತು. ಕಲಿಸುವವಳ ಕಾಲಡಿಯೂ ಒಂದು ಬ್ರೇಕಿದೆ ಎಂದು ಆಗ ತಿಳಿಯಿತು.

"ನಾವು ಬಂದವರಲ್ಲ," ಎಂದಳು. "ಬೇರೆಯವರೆಲ್ಲ ಬರೋವಾಗ ಇಲ್ಲೇ ಇದ್ವಿ. ಮುಂದೆ ನೋಡ್ಕೊಂಡು ಓಡ್ಸು."

ಡೆಬ್ರಾ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನವಳು, ಅದೇ ರಾಜ್ಯದ ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟಿದವಳು; ಅಲ್ಲಿ ಅವರನ್ನೂ ಇಂಡಿಯನ್ ಎಂದೇ ಕರೆಯುತ್ತಾರೆ. ಅವಳಿಗೆ ನಾಲ್ಕು ವರ್ಷವಿದ್ದಾಗ ಸರ್ಕಾರದ ಹೆಂಗಸೊಬ್ಬಳು ಬಂದು, ಮನೆಯಲ್ಲಿ ಜನ ಜಾಸ್ತಿ, ಹಾಸಿಗೆ ಕಮ್ಮಿ ಎಂದು ಅವಳನ್ನು ಕಾರು ಹತ್ತಿಸಿಕೊಂಡು ಹೋದಳು. ಆ ಲೆಕ್ಕ ಹಿಡಿದು ಮೈಸೂರಿಗೆ ಬಂದಿದ್ದರೆ ನಮ್ಮ ವಠಾರವೇ ಖಾಲಿಯಾಗುತ್ತಿತ್ತು. ದತ್ತು ಪಡೆದ ಬಿಳಿಯರು ಡೆಬ್ರಾ ಎಂದು ಹೊಸ ಹೆಸರಿಟ್ಟರು. ಒಳ್ಳೆಯವರೇ. ನಿನ್ನ ಅಮ್ಮನೇ ನಿನ್ನನ್ನು ಬಿಟ್ಟುಕೊಟ್ಟಳು ಎಂದು ಹೇಳಿ ಬೆಳೆಸಿದರು; ಅವರಿಗೂ ಸರ್ಕಾರದವರು ಹಾಗೆಯೇ ಹೇಳಿದ್ದರಂತೆ. ಅದು ನಿಜವೇ ಎಂಬುದೊಂದೇ ಡೆಬ್ರಾಗೆ ತಿಳಿಯಬೇಕಿತ್ತು.

ಆ ಅಕ್ಟೋಬರಿನಲ್ಲಿ ಧೈರ್ಯ ಮಾಡಿ ಬುಡಕಟ್ಟಿನ ಕಚೇರಿಗೆ ಫೋನ್ ಮಾಡಿ ಹುಟ್ಟಿದ ದಿನ ಹೇಳಿದಳು. ವಾರದೊಳಗೆ ಅಣ್ಣನೊಬ್ಬ ಫೋನಿನಲ್ಲಿ ಸಿಕ್ಕಿ, ಅಮ್ಮ ಇದ್ದಾಳೆ, ಬಾ ಎಂದ. ಅರ್ಧ ಶಾರ್ಲೆಟ್‌ಗೆ ಕಾರು ಕಲಿಸಿದವಳು ಆ ದಾರಿಗೆ ಮಾತ್ರ ಸ್ಟಿಯರಿಂಗನ್ನು ನನ್ನ ಕೈಗೆ ಕೊಟ್ಟಳು.

"ಶನಿವಾರ ನಿಂಗೆ ಘಾಟಿ ರಸ್ತೆ ಪಾಠ," ಎಂದಳು. ವರಲಕ್ಷ್ಮಿ ಆಂಟಿ ಒಂದು ಡಬ್ಬಿ ಕೋಡುಬಳೆ ಕೊಟ್ಟು ಕಳಿಸಿದರು.

ಬೆಟ್ಟ ಹತ್ತುತ್ತ ಕಾರು ಸುಮ್ಮಸುಮ್ಮನೆ ನಿಲ್ಲತೊಡಗಿತು. ನನ್ನದೇ ತಪ್ಪೆಂದುಕೊಂಡೆ, ಬಹುಮಟ್ಟಿಗೆ ಹಾಗೇ ಇರುತ್ತದೆ. ಅಮ್ಮನ ಮನೆ ಕಾಣುವ ತಿರುವಿನಲ್ಲಂತೂ ಎಷ್ಟು ಒತ್ತಿದರೂ ಗಾಡಿ ಗುರುಗುಟ್ಟಿತೇ ಹೊರತು ಅಲುಗಲಿಲ್ಲ.

"ಡೆಬ್ರಾ, ಬ್ರೇಕ್ ಮೇಲೆ ನಿಮ್ಮ ಕಾಲಿದೆ."

"ಗೊತ್ತು."

ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದು, ಬೈದು, ಬಳಸಿಕೊಂಡು ಹೋದ. ಆಮೇಲೆ ಕಾಲು ತೆಗೆದಳು.

ವರಾಂಡದಲ್ಲಿದ್ದ ಮುದುಕಿ ಎದ್ದು ಬಂದು ಅವಳ ಮುಖ ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಡೆಬ್ರಾಗೆ ಒಂದು ಅಕ್ಷರವೂ ತಿಳಿಯಲಿಲ್ಲ. ನನ್ನ ಹಳೆಯ ಭಾಷಣ ನೆನಪಾಗಿ ನಾನು ಟೈರು ನೋಡುತ್ತ ನಿಂತೆ.

"ಹಸಿವಾ ಅಂದೆ," ಎಂದು ಮುದುಕಿ ಇಂಗ್ಲಿಷಿಗೆ ಬಂದಳು. ಬಳಿಕ ನನ್ನ ಕಡೆ ಗದ್ದ ಎತ್ತಿ, "ಇವನ್ಯಾರು?"

"ಅವನೂ ಇಂಡಿಯನ್ನೇ," ಎಂದು ಡೆಬ್ರಾ ಸೇಡು ತೀರಿಸಿಕೊಂಡಳು.

"ಯಾವ ಬುಡಕಟ್ಟು?"

"ಮೈಸೂರು," ಎಂದೆ.

"ಕೇಳಿಲ್ಲ. ಚಿಕ್ಕದಿರಬೇಕು."

ತಾಯಿ ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನೂ, ಫೋನಿನಲ್ಲಿ ಸಿಕ್ಕಿದ್ದ ಅವಳ ಅಣ್ಣನೂ ಹೊರಗೆ ಕೂತು ಕೋಡುಬಳೆ ಕಡಿದೆವು.

ವಾಪಸು ಬರುವಾಗ ಕಾರು ಎಲ್ಲಿಯೂ ನಿಲ್ಲಲಿಲ್ಲ. ಡೆಬ್ರಾ ಕಾಲುಗಳನ್ನು ಸೀಟಿನ ಮೇಲೆ ಮಡಚಿ ಕೂತು, ಡಬ್ಬಿಯ ತಳದ ಚೂರು ಹೆಕ್ಕುತ್ತಿದ್ದಳು. ಕೇಳಬಾರದೆಂದುಕೊಂಡೇ ಕೇಳಿದೆ. "ಇಷ್ಟು ವರ್ಷ ನಿಮ್ಮಮ್ಮ ನಿಮ್ಮನ್ನ ಯಾಕೆ ಹುಡುಕ್ಲಿಲ್ಲ?"

"ಬಿಟ್ಟುಕೊಟ್ಟಿದ್ರೆ ತಾನೆ ಸುಮ್ನಿರೋದು? ಹುಡುಕಿದ್ಲು. ಡೆಬ್ರಾ ಅನ್ನೋಳನ್ನ ಅವಳು ಹೆತ್ತೇ ಇರ್ಲಿಲ್ಲ, ಹೇಗೆ ಸಿಗ್ಲಿ? ಮುಂದೆ ನೋಡ್ಕೊಂಡು ಓಡ್ಸು."